ಸಪ್ಪೆಯಣ್ಣನಿಗೆ ಬಂದ ಸಕ್ಕರೆ ಕಾಯಿಲೆ

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅವನು ಸಪ್ಪೆಯಣ್ಣ. ಸಕ್ಕರೆ ಹಾಕಿದ ಟೀ ಕುಡಿಯುವವನಲ್ಲ. ಮಾಲೀಕರ ಮಗಳ ಮದುವೆಯಲ್ಲಿ ಕೇಕಿನ ತಟ್ಟೆಯನ್ನು ವಿನಯದಿಂದ ಎರಡೂ ಕೈಯಲ್ಲಿ ತೆಗೆದುಕೊಂಡು, ಹಾಗೇ ಪಕ್ಕದವನ ತೊಡೆಗೆ ದಾಟಿಸಿದ್ದ.

"ಏನಣ್ಣಾ, ಕೇಕ್ ಕಚ್ಚುತ್ತಾ?" ಎಂದು ಯಾರೋ ಕಿಚಾಯಿಸಿದರೆ, "ಇವತ್ತು ಕಚ್ಚಲ್ಲ, ಇನ್ನೊಂದು ದಿನ ಕಚ್ಚುತ್ತೆ" ಎಂದಿದ್ದ.

ಅದು ತಮಾಷೆಗೆ ಹೇಳಿದ ಮಾತಾಗಿರಲಿಲ್ಲ. ಅವನಿನ್ನೂ ಹುಡುಗನಾಗಿದ್ದಾಗ ಅವನಮ್ಮ ಸಕ್ಕರೆ ಕಾಯಿಲೆಯಿಂದ ತೀರಿಹೋಗಿದ್ದಳು. ಕಾಲಿನ ಹುಣ್ಣು ವಾಸಿಯಾಗದೆ ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ನೋಡಲು ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತು, "ಸಿಹಿ ತಿಂದು ತಿಂದು ತಾನೇ ತಂದ್ಕೊಂಡ್ಲು" ಎಂದಿದ್ದಳು. ಅಮ್ಮನಿಗೂ ಅದು ಕೇಳಿಸಿತ್ತು. ಅವಳು ಗೋಡೆಯ ಕಡೆ ಹೊರಳಿಕೊಂಡಳು. ಆ ಮಾತು ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆ ಅವನ ಕೆಲಸದ ಜಾಗ. ಗುಂಡಗೆ ಬರುವ ಗ್ಲಾಸನ್ನು ಗಿರಾಕಿಯ ಫ್ರೇಮಿನ ಆಕಾರಕ್ಕೆ ಚಕ್ರದ ಮೇಲೆ ಉಜ್ಜಿ ಕೂರಿಸಬೇಕು. ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಬೆರಳ ಸಂದಿಗೆಲ್ಲ ಬಿಳಿ ಕೆಸರು. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತರೆ ಊಟಕ್ಕೆ ಏಳುವುದು, ಊಟವಾಗಿ ಕೂತರೆ ಅಂಗಡಿ ಮುಚ್ಚುವಾಗ ಏಳುವುದು. ಹೀಗೆ ವರ್ಷಗಳು ಕಳೆದು ಹೊಟ್ಟೆ ಬೆಂಚಿಗೆ ತಗಲುವಷ್ಟು ಬಂತು. ಅವನು ಸ್ಟೂಲನ್ನು ತುಸು ಹಿಂದಕ್ಕೆ ಸರಿಸಿಕೊಂಡ, ಅಷ್ಟೆ. ಹೊಟ್ಟೆಗೂ ಆ ಕಾಯಿಲೆಗೂ ಏನು ಸಂಬಂಧ? ಸಕ್ಕರೆ ಮುಟ್ಟದಿದ್ದರೆ ಮುಗಿಯಿತು ಎಂದು ನಂಬಿದ್ದ.

ಹೆಂಡತಿಗೆ ಸಿಹಿ ಎಂದರೆ ಪ್ರಾಣ. ಮದುವೆಯಾದ ಹೊಸತರಲ್ಲಿ ಅವನ ನೇಮ ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಆಮೇಲೆ ನಗು ನಿಂತು ಕದ್ದು ತಿನ್ನುವುದು ಶುರುವಾಯಿತು. ದಿಂಬಿನ ಚೀಲದಲ್ಲಿ ಚಾಕೊಲೇಟಿನ ಕಾಗದ ಸಿಕ್ಕರೆ ಅವನು ಊಟ ಬಿಟ್ಟು ಕೂರುತ್ತಿದ್ದ. ಬಯ್ಯುವವನಲ್ಲ, ಮಾತು ಬಿಡುವವನು. ಅವನ ಮೌನಕ್ಕಿಂತ ಬೈಗುಳವೇ ವಾಸಿ ಎಂದು ಅವಳು ಮಗಳ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಮಗಳೋ, ಗೆಳತಿಯರ ಮನೆಯಲ್ಲಿ ಕೊಟ್ಟ ಮಿಠಾಯಿಯನ್ನು ಮನೆಯ ಮೆಟ್ಟಿಲ ಕೆಳಗೆ ನಿಂತು ಗಬಗಬ ನುಂಗಿ, ಬಾಯಿ ಒರೆಸಿಕೊಂಡೇ ಒಳಗೆ ಬರುತ್ತಿದ್ದಳು. ಇಬ್ಬರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ಅವನ ಹೆದರಿಕೆಯ ಹಿಂದೆ ಪ್ರೀತಿಯಿದೆ ಎಂದು ಗೊತ್ತಿತ್ತು.

ಮಗಳು ಓದು ಮುಗಿಸಿ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದ ವರ್ಷ ಹೆಂಡತಿಯ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಔಷಧಿ ಆಯಿತು. ಔಷಧಿಯ ಉಷ್ಣಕ್ಕೆ ಬಾಯೆಲ್ಲ ಹುಣ್ಣು. ಕೊನೆಗೆ ವಾರ್ಡಿನ ಡಾಕ್ಟರು ಅವನನ್ನು ಕಾರಿಡಾರಿಗೆ ಕರೆದು, "ಅವರು ಏನು ಕೇಳ್ತಾರೋ ಅದನ್ನ ಕೊಡಿ" ಎಂದರು. ಆ ಮಾತಿನ ಅರ್ಥ ಅವನಿಗೆ ಆಯಿತೋ, ಆಗಬಾರದೆಂದು ಮನಸ್ಸನ್ನು ಮುಚ್ಚಿಕೊಂಡನೋ.

ಅಂದು ಮಧ್ಯಾಹ್ನ ಹೆಂಡತಿ ಅವನ ತೋಳು ಮುಟ್ಟಿ ಕೇಳಿದಳು. "ರೀ, ಎರಡು ಚಮಚ ಐಸ್‌ಕ್ರೀಮ್ ತಂದ್ಕೊಡ್ತೀರಾ? ಬಾಯೆಲ್ಲ ಉರೀತಿದೆ."

"ಈ ಸ್ಥಿತೀಲಿ ಐಸ್‌ಕ್ರೀಮಾ? ಇರೋ ಕಾಯಿಲೆ ಸಾಲ್ದು ಅಂತ ಸಕ್ಕರೆ ಕಾಯಿಲೇನೂ ತಂದ್ಕೋಬೇಕಾ?"

ಅವಳಿಗೆ ನಗು ಬಂತು. "ಅದು ಬರೋವರೆಗೂ ನಾನು ಇದ್ರೆ ಒಳ್ಳೇದೇ ಅಲ್ವಾ?"

"ಹಾಗೆಲ್ಲ ಮಾತಾಡ್ಬೇಡ. ನೀನು ಮನೆಗೆ ಬರ್ತೀಯ. ಇರು, ಹಣ್ಣಿನ ರಸ ತರ್ತೀನಿ. ಅದು ಮೈಗೆ ಒಳ್ಳೇದು."

ಆಸ್ಪತ್ರೆಯ ಎದುರಿನ ಅಂಗಡಿಯಿಂದ ಕಿತ್ತಳೆ ರಸದ ಬಾಟಲಿ ತಂದು ಲೋಟಕ್ಕೆ ಬಗ್ಗಿಸಿ ಕುಡಿಸಿದ. ಹುಳಿ ಹುಣ್ಣಿಗೆ ತಗಲಿ ಅವಳ ಕಣ್ಣು ಮುಚ್ಚಿಕೊಂಡವು, ಕೈ ಹೊದಿಕೆಯನ್ನು ಹಿಡಿದುಕೊಂಡಿತು. "ಚೆನ್ನಾಗಿದೆ" ಎಂದಳು. ಉಳಿದಿದ್ದನ್ನು ಅವನೇ ಕುಡಿದ. ಮರುದಿನವೂ ಅವಳು ಐಸ್‌ಕ್ರೀಮ್ ಕೇಳಿದಳು, ಅವನು ಮತ್ತೆ ರಸವನ್ನೇ ತಂದ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಆ ವಾರ ಮುಗಿಯುವುದರೊಳಗೆ ತೀರಿಕೊಂಡಳು.

ಹೆಂಡತಿ ಹೋದ ಮೇಲೆ ಅವನಿಗೆ ಒಲೆ ಹಚ್ಚುವ ಮನಸ್ಸಾಗಲಿಲ್ಲ. ಮಗಳು ಪಾಳಿ ಮುಗಿಸಿ ಬರುವವರೆಗೆ ಬ್ರೆಡ್ಡು, ಹಣ್ಣಿನ ರಸದಲ್ಲೇ ಕಾಲ ತಳ್ಳುತ್ತಿದ್ದ. ಅಷ್ಟರಲ್ಲಿ ಎಲ್ಲಿಲ್ಲದ ಬಾಯಾರಿಕೆ ಶುರುವಾಯಿತು. ಬಾಯಾರಿದಷ್ಟೂ ರಸದ ಬಾಟಲಿ ತಂದ, ಕುಡಿದಷ್ಟೂ ಬಾಯಾರಿತು. ಕೆಲಸದ ನಡುವೆ ಮತ್ತೆ ಮತ್ತೆ ಬಚ್ಚಲಿಗೆ ಓಡುವುದಾಯಿತು. ಬಟ್ಟೆ ಸಡಿಲವಾದವು. ಎಲ್ಲರೂ ಅದನ್ನು ದುಃಖದ ಲೆಕ್ಕಕ್ಕೆ ಹಾಕಿದರು. ಅವನೂ ಹಾಗೇ ತಿಳಿದ.

ಕಣ್ಣು ಮಸುಕಾಯಿತು. ಕನ್ನಡಕದವನಿಗೆ ಅದೇನು ದೊಡ್ಡ ಮಾತು? ಹೊಸ ನಂಬರಿನ ಗ್ಲಾಸು ತಾನೇ ಉಜ್ಜಿ ಹಾಕಿಕೊಂಡ. ಸ್ವಲ್ಪ ದಿನಕ್ಕೆ ಅದೂ ಒಗ್ಗಲಿಲ್ಲ, ಇನ್ನೊಂದು ಮಾಡಿಕೊಂಡ. ಖಾನೆಯಲ್ಲಿ ಅವನವೇ ಕನ್ನಡಕಗಳು ರಾಶಿ ಬಿದ್ದವು. ಒಂದು ದಿನ ವಯಸ್ಸಾದ ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಹೊರಟು, ಅಂಗಡಿಯ ಹೊಸ್ತಿಲಲ್ಲೇ ಎಡವಿ ಬಿದ್ದರು. ಎಡಗಣ್ಣಿನ ಗ್ಲಾಸು ಬಲಕ್ಕೆ, ಬಲಗಣ್ಣಿನದು ಎಡಕ್ಕೆ ಕೂತಿತ್ತು.

ಮಾಲೀಕರು ಗದರಲಿಲ್ಲ. "ಅಣ್ಣಾ, ಮೊದಲು ನಿನ್ನ ಕಣ್ಣು ತೋರಿಸ್ಕೊಂಡು ಬಾ" ಎಂದು ತಾವೇ ಆಟೋ ಹತ್ತಿಸಿದರು.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಒಳಗೆ ರಕ್ತ ಸೋರಿದೆ ಎಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಅದರ ರಿಪೋರ್ಟು ಹಿಡಿದುಕೊಂಡು ಅವನು ಸಕ್ಕರೆ ಕಾಯಿಲೆಯ ಡಾಕ್ಟರ ಎದುರು ಕೂತ. ನಡುವಯಸ್ಸಿನ ಹೆಂಗಸು, ಸಾವಧಾನದ ಮಾತು.

"ನಿಮಗೆ ಶುಗರ್ ಇದೆ. ಬಂದು ತುಂಬ ವರ್ಷ ಆಗಿರ್ಬೇಕು, ನಿಮಗೆ ಗೊತ್ತಾಗಿಲ್ಲ."

"ಇಲ್ಲ ಮೇಡಂ, ರಿಪೋರ್ಟು ಬೇರೆ ಯಾರದೋ ಇರ್ಬೇಕು. ನಾನು ಸಕ್ಕರೆ ಮುಟ್ಟೇ ಇಲ್ಲ. ಬೇಕಾದ್ರೆ ನಮ್ಮ ಅಂಗಡೀಲಿ ಕೇಳಿ."

"ಸಕ್ಕರೆ ಒಂದರಿಂದಲೇ ಬರೋ ಕಾಯಿಲೆ ಅಲ್ಲ ಇದು. ಹಾಗಂತ ಸಕ್ಕರೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಾನೂ ಅಲ್ಲ. ಸಿಹಿ ಜಾಸ್ತಿ ಆದ್ರೆ, ಅದರಲ್ಲೂ ಸಿಹಿ ಪಾನೀಯ ದಿನಾ ಕುಡಿದ್ರೆ, ಮೈ ತೂಕ ಏರುತ್ತೆ, ಅಪಾಯಾನೂ ಏರುತ್ತೆ. ಆದ್ರೆ ಮನೆತನದಲ್ಲಿ ಇದ್ರೂ ಬರಬಹುದು. ಕೂತೇ ಇರೋದು, ಹೊಟ್ಟೆ ಸುತ್ತ ಬೊಜ್ಜು, ವಯಸ್ಸು, ಎಲ್ಲ ಸೇರುತ್ತೆ. ನಿಮ್ಮ ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮಮ್ಮಂಗೆ."

"ಅವರೂ ಬೇಕು ಅಂತ ತಂದ್ಕೊಂಡಿದ್ದಲ್ಲ. ಸರಿ, ಈಗ ಏನೇನು ತಿಂತೀರಿ, ಕುಡೀತೀರಿ, ಹೇಳಿ."

ಹೇಳುತ್ತಾ ಹೋದ. ಹಣ್ಣಿನ ರಸದ ಮಾತು ಬಂದಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಬಾಟಲಿದಾ? ಅದರ ತುಂಬ ಸಕ್ಕರೆನೇ ಇರುತ್ತೆ. ಐಸ್‌ಕ್ರೀಮ್‌ಗಿಂತ ಏನೂ ಕಮ್ಮಿ ಇಲ್ಲ."

ಡಾಕ್ಟರು ಮತ್ತೆ ಪೆನ್ನೆತ್ತಿ ಮಾತ್ರೆ ಬರೆಯತೊಡಗಿದರು.

"ಮೇಡಂ, ಸಾಯೋ ಹೊತ್ತಲ್ಲಿ ಇರೋರು ಎರಡು ಚಮಚ ಐಸ್‌ಕ್ರೀಮ್ ತಿಂದ್ರೆ ಏನಾಗುತ್ತೆ?"

ಪ್ರಶ್ನೆ ಎಲ್ಲಿಂದ ಬಂತೆಂದು ಅವರಿಗೆ ತಿಳಿಯಲಿಲ್ಲ. "ಏನೂ ಆಗಲ್ಲ. ಬಾಯಿಗೆ ತಂಪಾಗುತ್ತೆ" ಎಂದರು.

ಮನೆಗೆ ಹೇಗೆ ಬಂದನೋ ಅವನಿಗೇ ನೆನಪಿಲ್ಲ. ಮಗಳು ಬಂದಾಗ ಬೂಟು ಕೂಡ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ಕಾಯಿಲೆಯ ಸುದ್ದಿ ಕೇಳಿ ಅವಳೂ ಪಕ್ಕದಲ್ಲಿ ಕೂತಳು. ಅವನ ಚಿಂತೆ ಕಾಯಿಲೆಯದಾಗಿರಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಆಸ್ಪತ್ರೇಲಿ ನಾನು ಇಲ್ಲದಾಗ ನಿಮ್ಮಮ್ಮಂಗೆ ಐಸ್‌ಕ್ರೀಮ್ ಕೊಟ್ಟಿದ್ದೆ ಅಲ್ವಾ? ನಂಗೆ ಬೇಜಾರಿಲ್ಲ. ಕೊಟ್ಟಿರ್ತೀಯ ನೀನು. ಕದ್ದು ತಿನ್ನೋದರಲ್ಲಿ ನೀವಿಬ್ಬರೂ ಒಂದೇ."

ಹಾಗೆ ಕೇಳುವಾಗ ಅವನ ಮುಖದಲ್ಲಿ ಎಂಥ ಆಸೆಯಿತ್ತೆಂದರೆ, ಹೂಂ ಎಂದುಬಿಡೋಣವೆಂದು ಮಗಳಿಗೆ ಅನಿಸಿತು. ಮಗಳು ತನ್ನ ಮಾತನ್ನು ಮೀರಿ ನಡೆದಿರಲಿ ಎಂದು ಅವನು ಬದುಕಿನಲ್ಲಿ ಮೊದಲ ಸಲ ಬೇಡಿಕೊಳ್ಳುತ್ತಿದ್ದ. ಆದರೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

"ತಂದಿದ್ದೆ ಅಪ್ಪಾ. ವಾರ್ಡಿನ ಬಾಗಿಲವರೆಗೂ ತಂದಿದ್ದೆ. ನೀನು ಮೆಟ್ಟಿಲು ಹತ್ತಿ ಬರೋದು ಕಾಣಿಸ್ತು. ಕಸದ ಬುಟ್ಟಿಗೆ ಹಾಕ್ಬಿಟ್ಟೆ."

ಅವನು ಮಗಳ ತಲೆಯ ಮೇಲೆ ಕೈಯಿಟ್ಟ. ಅಳು ಬಂದದ್ದು ಅವಳಿಗೆ. ಅವನು "ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ" ಎನ್ನುತ್ತಲೇ ಇದ್ದ. "ನಿನ್ನದೂ ಅಲ್ಲ ಅಪ್ಪಾ" ಎನ್ನಲು ಅವಳಿಗೆ ಆಗಲಿಲ್ಲ. ಆ ಮಾತನ್ನು ಅವಳು ಮುಂದೆಯೂ ಹೇಳಲಿಲ್ಲ, ಅವನೂ ಬಯಸಲಿಲ್ಲ.

ಮಾತ್ರೆ ಶುರುವಾಯಿತು, ಕಣ್ಣಿಗೆ ಲೇಸರ್ ಆಯಿತು. ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿಗೆ ಮನುಷ್ಯರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಚಕ್ರದ ಕೆಲಸ ಬಿಟ್ಟ. ತನ್ನ ಖಾನೆಯ ಕನ್ನಡಕಗಳಿಂದ ಗ್ಲಾಸು ತೆಗೆದು ಫ್ರೇಮುಗಳನ್ನು ಅಂಗಡಿಗೇ ಒಪ್ಪಿಸಿ ಬಂದ.

ಮಗಳೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ಅವಳು ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದಳು. ಕೊನೆಗೆ ಅವನೇ ಅವಳ ತೋಳು ಹಿಡಿದುಕೊಂಡು ಹೊರಟ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೋ ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅವಳು ಲ್ಯಾಬಿನ ಒಳಗೆ ಹೋದಾಗ ಅವನು ಬೆಂಚಿನ ಮೇಲೆ ಕೂತು, ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ ಆಕಾರಗಳನ್ನು ನೋಡುತ್ತಿದ್ದ. ಯಾವುದೂ ಅವಳದಲ್ಲ.

ಕೊನೆಗೆ ಪಕ್ಕದಲ್ಲಿ ಯಾರೋ ಕೂತರು.

"ನೀನೇನಾ?"

"ಹೂಂ. ರಕ್ತ ತಗೊಂಡ್ರು. ರಿಪೋರ್ಟಿಗೆ ಕಾಯ್ಬೇಕಂತೆ."

"ಕಾಯೋಣ" ಎಂದ. ಹತ್ತಿ ಒತ್ತಿಕೊಂಡಿದ್ದ ಅವಳ ತೋಳನ್ನು ತಡಕಿ ಹುಡುಕಿ, ಆ ಹತ್ತಿಯ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿ ಹಿಡಿದ. ರಕ್ತ ಆಗಲೇ ನಿಂತಿತ್ತು. ಅವಳು ಅದನ್ನು ಹೇಳಲಿಲ್ಲ.