ಬಾವು ಬಂದು ಎಷ್ಟು ದಿನವಾಯಿತು

ಅಕ್ಕನ ಆರು ವರ್ಷದ ಮಗಳಿಗೆ ಬಲಗಡೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಬಾವು ಬಂದಿತ್ತು. ಅಕ್ಕ ಸೊರಬದಿಂದ ಫೋಟೊ ಕಳಿಸಿದಳು. ನಾನಿರುವುದು ಶಿಕಾರಿಪುರದಲ್ಲಿ. ಬಿ.ಎಸ್ಸಿ. ಓದಿದವಳೆಂದು ಮನೆಯವರ ಜ್ವರ, ಕೆಮ್ಮು, ಮಾತ್ರೆಯ ಚೀಟಿ ಎಲ್ಲವೂ ಮೊದಲು ನನ್ನ ಮೊಬೈಲಿಗೇ ಬರುತ್ತಿದ್ದವು. ನನಗೂ ಅದು ಇಷ್ಟವಿತ್ತು.

"ಮಂಗನಬಾವು ಕಣೇ. ವಾರದಲ್ಲಿ ಇಳೀತದೆ," ಎಂದೆ.

"ಹಂಗಾದ್ರೆ ನನ್ನ ಚಿನ್ನದ ಸರ ಹಾಕ್ತೀನಿ."

ಮಂಗನಬಾವಿಗೆ ಚಿನ್ನ ಹಾಕುವುದು ನಮ್ಮ ಕಡೆಯ ರೂಢಿ. "ಹಾಕೇ ಮಾರಾಯ್ತಿ, ಬಾವು ಇಳೀದಿದ್ರೂ ಫೋಟೊ ಚಂದ ಬರ್ತದೆ," ಎಂದು ನಕ್ಕೆ. ಸರ ನಂಬಿದವಳನ್ನು ನೋಡಿ ನಕ್ಕ ನಾನು, ಬರೀ ಫೋಟೊ ನೋಡಿ ರೋಗದ ಹೆಸರು ಹೇಳಿದ್ದೆ.

ಐದನೆಯ ದಿನ ಸೊರಬಕ್ಕೆ ಹೋದೆ. ಬಾವು ನಿಂಬೆಹಣ್ಣಿನಷ್ಟಾಗಿತ್ತು, ಚರ್ಮ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೆಲ್ಲಗೆ ಒತ್ತಿ ನೋಡಿ, "ಎಷ್ಟು ದಿನ ಆಯ್ತು?" ಎಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು "ನಿನ್ನೆಯಿಂದ ಸಾರ್" ಎಂದುಬಿಟ್ಟೆ. ಓದಿದವರೂ ಐದು ದಿನ ಸುಮ್ಮನೆ ಕೂತಿದ್ದಿರಾ ಎಂದಾರೆಂಬ ಹೆದರಿಕೆ. ಅಕ್ಕ ನನ್ನ ಮುಖ ನೋಡಿದಳು. ಏನೋ ಕಾರಣವಿರಬೇಕೆಂದು ಸುಮ್ಮನಾದಳು.

"ಈಗಷ್ಟೇ ಶುರು ಅಂದ್ರೆ ಔಷಧಿ ಕೊಟ್ಟು ಎರಡು ದಿನ ನೋಡೋಣ. ನುಂಗಕ್ಕೆ ಆಗ್ಲಿಲ್ಲ ಅಂದ್ರೆ ಮಾತ್ರ ಕಾಯ್ಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ," ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಮಗು ಹಾಲು ನುಂಗಲಿಲ್ಲ. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಜೊಲ್ಲು ಅಂಗಿಯ ಮೇಲೆ ಸುರಿಯುತ್ತಿತ್ತು. ಬಾಡಿಗೆ ಕಾರಿನಲ್ಲಿ ಶಿಕಾರಿಪುರದ ದೊಡ್ಡಾಸ್ಪತ್ರೆಗೆ ಹೊರಟೆವು. ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ಅವಳನ್ನು ದಾರಿಯುದ್ದಕ್ಕೂ ನೆಟ್ಟಗೆ ಕೂರಿಸಿ ಹಿಡಿದಿದ್ದಳು. ನಾನು ಒಂದೊಂದೇ ಉಸಿರಿಗೆ ಕಿವಿಗೊಟ್ಟಿದ್ದೆ. ಆ ಗೊರಗೊರ ಸದ್ದು ಈಗಲೂ ಕೇಳುತ್ತದೆ.

ಅಲ್ಲಿನ ಡಾಕ್ಟರೂ ಅದೇ ಪ್ರಶ್ನೆ ಕೇಳಿದರು. "ಇವತ್ತಿಗೆ ಆರು ದಿನ," ಎಂದಳು ಅಕ್ಕ, ನನ್ನ ಕಡೆ ತಿರುಗದೆ. ಸ್ಕ್ಯಾನ್ ಮಾಡಿಸಿದರು. ಹುಳುಕು ಹಲ್ಲಿನಿಂದ ಇಳಿದ ಸೋಂಕು ಕುತ್ತಿಗೆಯೊಳಗೆ ಕೀವು ತುಂಬಿ, ಉಸಿರಿನ ದಾರಿಯನ್ನು ಒತ್ತುತ್ತಿತ್ತು. ಕೂಡಲೇ ಒಳಗೆ ಕರೆದೊಯ್ದು ಕೊಯ್ದು ಕೀವು ತೆಗೆದರು.

ಹೊರಗೆ ಬೆಂಚಿನ ಮೇಲೆ ಅಕ್ಕ ಕೇಳಿದಳು: "ನಿನ್ನೆಯಿಂದ ಅಂತ ಯಾಕೆ ಹೇಳ್ದೆ?"

"ಬೈತಾರೆ ಅಂತ."

"ಬೈದಿದ್ರೆ ಬೈಸ್ಕಂಡು ಬರ್ತಿದ್ವಲ್ಲೇ!"

ಮಗು ಉಳಿಯಿತು. ದವಡೆಯ ಕೆಳಗೆ ಒಂದು ಗೆರೆಯಷ್ಟು ಗಾಯದ ಗುರುತಿದೆ. ಸೊರಬದ ಆ ಡಾಕ್ಟರ ಪ್ರಶ್ನೆಗೆ ಮನಸ್ಸಿನಲ್ಲೇ ಎಷ್ಟೋ ಸಲ "ಐದು ದಿನ ಸಾರ್" ಎಂದು ಹೇಳಿ ನೋಡಿದ್ದೇನೆ. ಅಕ್ಕ ಈಗಲೂ ಫೋನ್ ಮಾಡುತ್ತಾಳೆ, ನಗುತ್ತಾಳೆ. ಆದರೆ ಕಳೆದ ತಿಂಗಳು ಮಗಳಿಗೆ ಜ್ವರ ಬಂದಿತ್ತೆಂದು ನನಗೆ ತಿಳಿದದ್ದು ಜ್ವರ ಬಿಟ್ಟ ಮೇಲೆ. "ಡಾಕ್ಟ್ರಿಗೆ ತೋರಿಸ್ದೆ," ಎಂದಳಷ್ಟೇ. ಒಳ್ಳೇದು ಮಾಡಿದೆ ಎಂದೆ.