ಬೀಗರಿಗೆ ಕುದಿಸಿದ ಏಡಿ

ಮೀನಿನ ನಾತ ನನಗೆ ಆಗುವುದಿಲ್ಲ. ಮಡಿವಂತಿಕೆಯ ಮಾತಲ್ಲ ಇದು, ಮಟನ್ ಉಣ್ಣುವ ಮನೆಯೇ ನಮ್ಮದು. ಬೆಟಗೇರಿ ಸಂತೆಯಲ್ಲಿ ಮೀನಿನವರು ಕೂಡುವ ಸಾಲು ಬಂದರೆ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ, ಅಷ್ಟೇ. ಅಂಥವಳ ಮಗಳು ಹೋಗಿ ಹೋಗಿ ಕಾರವಾರದ ಕಡೆಯ ಹುಡುಗನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು. ಆದರೆ ಆ ಮನೆಯಲ್ಲಿ ದಿನಾ ಮೀನು ಬೇಯುತ್ತದೆ ಎಂದು ಕೇಳಿದಾಗಿನಿಂದ, ಮಗಳ ಮನೆಗೆ ಹೋಗಿ ನಾನು ಉಣ್ಣುವುದು ಹೇಗೆ ಎಂಬ ಚಿಂತೆ ಹತ್ತಿತ್ತು.

ಮದುವೆಯ ಮಾತು ಮುಗಿದು ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು, ಒಂದು ಟೆಂಪೋ ತುಂಬ ಮಂದಿ. ನಮ್ಮ ಯಜಮಾನರು ಮೊಬೈಲಿನಲ್ಲಿ ಏನೋ ನೋಡಿದ್ದರು. ಸಿಗಡಿ, ಏಡಿ, ಗೋವಿನಜೋಳದ ತೆನೆ, ಬಟಾಟೆ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಸಿ, ನೀರು ಬಸಿದು, ಹಾಳೆಯ ಮೇಲೆ ಸುರಿದರೆ ಸುತ್ತ ಕೂತು ತಿನ್ನುವುದಂತೆ. ಸಮುದ್ರದವರಿಗೆ ಸಮುದ್ರದ್ದೇ ಊಟ ಎಂದು ಹಟ ಹಿಡಿದರು. ರೊಟ್ಟಿ, ಎಣ್ಣೆಗಾಯಿ ಮಾಡಿದರೆ ನಿಮ್ಮ ಮಾನ ಹೋಗುತ್ತದೆಯೇ ಎಂದು ಕೇಳಿದೆ. ಉತ್ತರವಾಗಿ ಬಸ್ಸಿನಲ್ಲಿ ಥರ್ಮಾಕೋಲ್ ಡಬ್ಬಿಗಳು ಬಂದವು.

ಡಬ್ಬಿ ತೆರೆದ ಕೂಡಲೇ ಕರಗಿದ ಐಸಿನ ಬೂದು ನೀರು ಹಿತ್ತಲ ಕಲ್ಲಿನ ಮೇಲೆ ಹರಿಯಿತು. ಸಿಗಡಿಗೆ ಮೀಸೆ, ನೂರೆಂಟು ಕಾಲು, ಗುಡ್ಡೆ ಕಣ್ಣು. ಬೆನ್ನು ಸೀಳಿ ಕರಿ ದಾರದಂಥ ಕರುಳು ಎಳೆಯಬೇಕಂತೆ. ಮೂಗಿಗೆ ಸೆರಗು ಬಿಗಿದುಕೊಂಡು ಎಳೆದೆ. ಒಂದು ಏಡಿ ಇನ್ನೂ ಕಾಲಾಡಿಸುತ್ತಿತ್ತು. ಇದನ್ನು ಕುದಿಯುವ ನೀರಿಗೆ ನೀವೇ ಹಾಕಿರಿ ಎಂದರೆ ಯಜಮಾನರು ಬೀಗರಿಗೆ ಫೋನು ಮಾಡುವ ನೆಪದಲ್ಲಿ ಹೊರಗೆ ಹೋದರು. ಇಕ್ಕಳದಲ್ಲಿ ಹಿಡಿದು, ಮುಖ ತಿರುಗಿಸಿ, ನಾನೇ ಹಾಕಿದೆ.

ನನ್ನ ಕೈಗೆ ಗೊತ್ತಿದ್ದದ್ದು ಮಟನ್. ಮಸಾಲೆ ಖಾರ, ಬೆಳ್ಳುಳ್ಳಿ, ಒಣಕೊಬ್ಬರಿ ಹಾಕಿ ಅದರಂತೆಯೇ ಕುದಿಸಿದೆ. ಸಿಗಡಿ ಒಂದು ಕುದಿಗೇ ಬೇಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೀಗರು ಬಂದು, ಚಹಾ ಕುಡಿದು, ಲಕ್ಕುಂಡಿ ನೋಡಿಕೊಂಡು ಬರುವವರೆಗೂ ಬೋಗುಣಿ ಒಲೆಯ ಮೇಲೇ ಇತ್ತು. ನೊರೆ ಉಕ್ಕಿ ಒಲೆಗೆ ಬಿದ್ದು, ಸುಟ್ಟು, ಓಣಿಗೆಲ್ಲ ನಮ್ಮ ಮನೆಯ ಖಬರು ಮುಟ್ಟಿತು.

ಸುರಿದಾಗ ನೋಡಬೇಕಿತ್ತು. ಬಟಾಟೆ ಗಂಜಿಯಾಗಿತ್ತು, ಗೋವಿನಜೋಳಕ್ಕೂ ಅದೇ ನಾತ, ಸಿಗಡಿ ಸೈಕಲ್ಲಿನ ಟ್ಯೂಬು. ಅದಕ್ಕಿಂತ ಹೇಸಿಗೆಯೆಂದರೆ ಒಂದೇ ರಾಶಿಗೆ ಎಲ್ಲರ ಕೈ. ಬಾಯಿಗೆ ಹೋದ ಬೆರಳು ತಿರುಗಿ ರಾಶಿಗೆ ಬರುತ್ತಿತ್ತು. ಊಟವೆಲ್ಲ ಎಂಜಲು. ಬೀಗರೆದುರು ಹಾಗೆನ್ನಲು ಬರುತ್ತದೆಯೇ? ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಯಜಮಾನರು ಒಂದು ಸಿಗಡಿ ಬಾಯಿಗಿಟ್ಟು ಅಗಿದೇ ಅಗಿದರು. ಮಾಡಿದ್ದುಣ್ಣೋ ಮಹರಾಯ.

ಬೀಗತಿ ಒಳ್ಳೆಯ ಹೆಂಗಸು. ಸಿಗಡಿಯನ್ನು ಸದ್ದಿಲ್ಲದೆ ಸರಿಸಿ, ಏಡಿಯ ದೊಡ್ಡ ಕಾಲನ್ನು ಹಲ್ಲಲ್ಲಿ ಕಟಕ್ಕನೆ ಮುರಿದು, ಒಳಗಿನ ಬಿಳಿ ಎಳೆ ತೆಗೆದು ನನ್ನ ಮಗಳ ಕೈಗಿಟ್ಟರು. ಚಿಕ್ಕಂದಿನಿಂದ ನನ್ನ ಲೋಟದ ನೀರನ್ನೂ ಕುಡಿಯದ ಮಗಳು ಅದನ್ನು ಬಾಯಿಗೆ ಹಾಕಿಕೊಂಡು ಬೆರಳು ಚೀಪಿದಳು. ಇನ್ನು ನನ್ನಿಂದಾಗಲಿಲ್ಲ. ಬಚ್ಚಲಿಗೆ ಓಡಿದೆ.

ಮಗಳು ಹಿಂದೆಯೇ ಬಂದು ನನ್ನ ಹಣೆ ಹಿಡಿದುಕೊಂಡಳು. ವಾಂತಿ ನಿಂತ ಮೇಲೂ ಬಿಡಲಿಲ್ಲ.

“ಯವ್ವಾ, ನಾ ಅಲ್ಲಿ ದಿನಾ ಇದನ್ನ ಉಣ್ಣಾಕಿ. ನೀ ನನ್ನ ಮನಿಗೆ ಬರೂದಿಲ್ಲೇನು?”

ಬಾಯಿ ಮುಕ್ಕಳಿಸಿದೆ.

“ಬರ್ತೇನಿ. ನನ್ನ ಬುತ್ತಿ ನಾ ಕಟಗೊಂಡ ಬರ್ತೇನಿ,” ಎಂದೆ.

ಹಣೆಯ ಮೇಲಿನ ಅವಳ ಕೈ ಏಡಿಯ ನಾತ ಹೊಡೆಯುತ್ತಿತ್ತು. ತೆಗೆ ಎನ್ನಲಿಲ್ಲ.