ಮೌಸಿನ ಹೊಟ್ಟೆಯ ಗೋಲಿ

ಕಂಪ್ಯೂಟರು ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿದೆ, ಆರಿಸಬೇಡಿ ಎಂದು ಪರದೆಯ ಮೇಲೆ ಬರೆದುಕೊಂಡು ಕೂತಿತ್ತು. ಮೂವತ್ತು ಪರ್ಸೆಂಟಿಗೆ ಬಂದು ನಿಂತದ್ದು, ನಾನು ಕಾಫಿ ಕುಡಿದು ಬಂದರೂ ಮೂವತ್ತರಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ನೀವು ಏನು ಮಾಡುತ್ತೀರೋ ತಿಳಿಯದು. ನಾನು ಮೇಜಿನ ಡ್ರಾಯರನ್ನು ಒಪ್ಪ ಮಾಡುತ್ತೇನೆ. ಅಂದರೆ ಮೇಲಿದ್ದದ್ದನ್ನು ಕೆಳಕ್ಕೂ ಕೆಳಗಿದ್ದದ್ದನ್ನು ಮೇಲಕ್ಕೂ ಹಾಕುತ್ತೇನೆ. ಹಾಗೆ ಹಾಕುವಾಗ ಬೂದು ಬಣ್ಣದ ಗೋಲಿಯೊಂದು ಕೈಗೆ ಸಿಕ್ಕಿತು. ನೆಲ್ಲಿಕಾಯಿಗಿಂತ ಸ್ವಲ್ಪ ಚಿಕ್ಕದು, ಗಾತ್ರಕ್ಕೆ ಮೀರಿದ ತೂಕ. ಮೂಸಿ ನೋಡಿದೆ. ರಬ್ಬರಿನ ವಾಸನೆ ಯಾವತ್ತೋ ಹೋಗಿರಬೇಕು, ನನಗೆ ಎಲೆಕೋಸಿನ ವಾಸನೆ ಬಂತು. ಇದನ್ನು ನೀವು ನಂಬಬೇಕಾಗಿಲ್ಲ. ಇಪ್ಪತ್ತೈದು ವರ್ಷ ಎಲೆಕೋಸಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುವ ರಬ್ಬರು ಎಲ್ಲೂ ಇಲ್ಲ. ಆದರೂ ಬಂತು.

ಈಗಿನವರಿಗೆ ಒಂದು ಮಾತು ಹೇಳಬೇಕು. ಆಗಿನ ಮೌಸುಗಳ ಹೊಟ್ಟೆಯಲ್ಲಿ ಇಂಥದೊಂದು ಗೋಲಿ ಇರುತ್ತಿತ್ತು. ಮೌಸನ್ನು ಎಳೆದರೆ ಗೋಲಿ ಉರುಳುತ್ತಿತ್ತು, ಗೋಲಿ ಉರುಳಿದರೆ ಪರದೆಯ ಮೇಲೆ ಬಾಣ ಓಡುತ್ತಿತ್ತು. ಗೋಲಿ ಇಲ್ಲದ ಮೌಸು ಸೋಪಿನ ಡಬ್ಬಿಗೆ ಸಮ. ನನ್ನ ಕೈಯಲ್ಲಿದ್ದ ಈ ಗೋಲಿ ಗುಂಡ್ಲುಪೇಟೆಯ ಒಂದು ತರಕಾರಿ ಮಂಡಿಗೆ ಸೇರಿದ್ದು. ಇದು ನನ್ನ ಡ್ರಾಯರಿನಲ್ಲಿ ಇರಬಾರದಿತ್ತು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಚಾಮರಾಜನಗರ ಜಿಲ್ಲೆಯಾಗಿ ಆಫೀಸುಗಳ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಹೋಟೆಲೊಂದರ ಮಹಡಿಯ ಮೇಲಿನ ಒಂದೇ ಕೋಣೆಯ ಕಂಪ್ಯೂಟರ್ ಸೆಂಟರಿಗೆ ನಾನು ಮೇಷ್ಟ್ರಾಗಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಬರಬೇಕು. ಮೂರು ಯಂತ್ರ. ಎರಡರಲ್ಲಿ ಡಾಸ್, ಮೌಸಿಲ್ಲದೆ ಬರೀ ಕೀಲಿ ಒತ್ತಿ ನಡೆಸುವ ಹಳೆಯದು. ಮೂರನೆಯದರಲ್ಲಿ ವಿಂಡೋಸ್ ಇತ್ತು, ಅದರ ಮೇಲೆ ಹೂವಿನ ಬಟ್ಟೆ ಹೊದಿಸಿಟ್ಟಿದ್ದೆ.

ಆಪರೇಟಿಂಗ್ ಸಿಸ್ಟಮ್ಮುಗಳ ಬಗ್ಗೆ ನನಗೆ ಆಗ ಬಲವಾದ ಅಭಿಪ್ರಾಯಗಳಿದ್ದವು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಕೈಯಲ್ಲಿರುವುದು ಅದೊಂದೇ ಆಸ್ತಿ. ಡಾಸ್ ಮರ್ಯಾದಸ್ಥ, ಎನ್ನುತ್ತಿದ್ದೆ. ಕಪ್ಪು ಪರದೆಯ ಮೂಲೆಯಲ್ಲಿ ಕಣ್ಣು ಮಿಟುಕಿಸಿಕೊಂಡು ಕಾಯುತ್ತದೆ, ಕೇಳುವ ತನಕ ಮಾತಾಡುವುದಿಲ್ಲ. ತಪ್ಪಾಗಿ ಕೇಳಿದರೆ ತಪ್ಪು ಎನ್ನುತ್ತದೆ. ಸರಿಯಾಗಿ ಕೇಳಿದರೆ ಕೆಲಸ ಮಾಡಿ ಸುಮ್ಮನಾಗುತ್ತದೆ, ಭೇಷ್ ಅನ್ನುವುದಿಲ್ಲ. ವಿಂಡೋಸೋ, ಮದುವೆಮನೆಯ ಬಾಗಿಲಲ್ಲಿ ನಿಂತು ಪನ್ನೀರು ಎರಚುವವರ ಜಾತಿ. ಅದರ ಬಣ್ಣ, ಚಿತ್ರ, ಕಿಟಕಿಗಳೆಲ್ಲ ಡಾಸಿನ ಮೇಲೆ ಹಾಸಿದ ಜಮಖಾನ. ಯುನಿಕ್ಸ್ ಬಗ್ಗೆ ನನಗೆ ಭಕ್ತಿಯಿತ್ತು, ದರ್ಶನವಾಗಿರಲಿಲ್ಲ. ಲಿನಕ್ಸ್ ಯಾವುದೋ ಪತ್ರಿಕೆಯ ಜೊತೆ ಸಿ.ಡಿ.ಯಾಗಿ ಬಂದಿತ್ತು. ನಮ್ಮ ಯಂತ್ರಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಆದರೂ ಆ ಸಿ.ಡಿ.ಯನ್ನು ಎತ್ತಿ ಹಿಡಿದು ಅರ್ಧ ಗಂಟೆ ಪಾಠ ಮಾಡಿದ್ದೆ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ್ದೂ ಉಂಟು.

ಈ ಪಾಠಗಳನ್ನು ಪೂರ್ತಿ ನಂಬಿದವರು ಒಬ್ಬರೇ. ಮಹದೇವಮ್ಮ.

ಉಮ್ಮತ್ತೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಕೋರ್ಟಿನ ಎದುರು ತಗಡಿನ ಮಾಡಿನಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದುಕೊಡುವ ಕೆಲಸ. ಕಂಪ್ಯೂಟರ್ ಅಂಗಡಿಗಳು ಬಂದ ಮೇಲೆ ಅರ್ಜಿಯವರು ಅತ್ತ ಹೋಗತೊಡಗಿದ್ದರು. ಮೊದಲ ದಿನವೇ ಹೇಳಿದ್ದರು, "ಇದೊಂದು ಬರ್ನಿಲ್ಲ ಅಂದ್ರೆ ಕಳೆ ಕೀಳಕೆ ಓಗದೇಯ ಸಾ. ನಮ್ಮತ್ತೆ ಕುಡ್ಲು ಮಸ್ಗಂಡು ಕಾಯ್ತಾವ್ಳೆ."

ಬೆರಳುಗಳೆಂದರೆ ಅವರವು. ಕೀಲಿಗಳನ್ನು ನೋಡುತ್ತಲೇ ಇರಲಿಲ್ಲ. ಟೈಪ್‌ರೈಟರಿನ ಅಭ್ಯಾಸದಿಂದ ಎಷ್ಟು ಬಲವಾಗಿ ಹೊಡೆಯುತ್ತಿದ್ದರೆಂದರೆ ಕೆಳಗಿನ ಹೋಟೆಲಿನವರು, "ಮೇಲೆ ಏನ್ ಕುಟ್ತಿದ್ದೀರಿ?" ಎಂದು ಕೇಳಿದ್ದರು. ಎರಡು ತಿಂಗಳಲ್ಲಿ ಡಾಸಿನ ಕಮಾಂಡುಗಳೆಲ್ಲ ಬಾಯಿಪಾಠ. ಒಂದು ದಿನ ಹೂವಿನ ಬಟ್ಟೆಯತ್ತ ಕೈ ತೋರಿಸಿದರು.

"ಸಾ, ಅದ್ರಲ್ಲೂ ಒಸಿ ಏಳ್ಕೊಡಿ. ಎಲ್ಲ ಕಡೀಕೂ ಈಗ ಅದೇ ಬತ್ತಾ ಅದಂತೆ."

"ಬುಡ ಗಟ್ಟಿ ಮಾಡ್ಕೊಳ್ಳಿ ಮಹದೇವಮ್ನೋರೆ, ತುದಿ ತಾನೇ ಬರ್ತದೆ."

"ನೀವೇಳ್ದಂಗಾಗ್ಲಿ," ಎಂದು ಮತ್ತೆ ಕುಟ್ಟತೊಡಗಿದರು.

ನಿಜ ಬೇರೆ ಇತ್ತು. ನನಗೆ ಮೌಸು ಹಿಡಿಯಲು ಬರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಬಟ್ಟೆ ಸರಿಸುತ್ತಿದ್ದೆ. ನನ್ನ ಕೈ ಒಂದು ಕಡೆ ಹೋದರೆ ಬಾಣ ಇನ್ನೊಂದು ಕಡೆ ಓಡಿ ಮೂಲೆಯಲ್ಲಿ ಅವಿತುಕೊಳ್ಳುತ್ತಿತ್ತು. ಮೌಸು ಮೇಜಿನ ಅಂಚಿಗೆ ಬಂದಾಗ ಎತ್ತಿ ಹಿಂದಕ್ಕಿಡಬಹುದು ಎಂಬುದೂ ನನಗೆ ಹೊಳೆದಿರಲಿಲ್ಲ. ಅಂಚು ಮುಗಿದರೆ ಲೋಕವೇ ಮುಗಿಯಿತೆಂದು ಬಟ್ಟೆ ಹೊದಿಸಿಬಿಡುತ್ತಿದ್ದೆ. ಬಾರದ್ದನ್ನು ಹಳಿಯುವುದಕ್ಕೆ ಅಭಿಪ್ರಾಯ ಎಂದು ಹೆಸರಿಟ್ಟವನು ನಾನೊಬ್ಬನೇ ಅಲ್ಲ, ಬಿಡಿ.

ಆಮೇಲೆ ಗುಂಡ್ಲುಪೇಟೆಯಿಂದ ಸುದ್ದಿ ಬಂತು. ಗಡಿಯ ಮದ್ದೂರಿನ ಕಾಡು ದಾಟಿಸಿ ಕೇರಳಕ್ಕೆ ತರಕಾರಿ ಕಳಿಸುವ ಮಂಡಿಯೊಂದಕ್ಕೆ ಕಂಪ್ಯೂಟರ್ ಬಂದಿದೆ, ನಡೆಸುವವರು ಬೇಕು. ಮಾಲೀಕರು ಮಲೆಯಾಳಿ, ಎಲ್ಲರ ಬಾಯಲ್ಲೂ ಚೇಟ, ಅಂದರೆ ಅಣ್ಣ. ಮಹದೇವಮ್ಮ ನನ್ನನ್ನೂ ಕರೆದರು. "ನೀವು ಪಕ್ಕದಲ್ಲಿ ನಿಂತ್ಕಂಡ್ರೆ ಸಾಕು ಸಾ, ಧೈರ್ಯಕ್ಕೆ." ಬಸ್ಸು ತೆರಕಣಾಂಬಿ ದಾಟುವವರೆಗೂ ಅವರು ತುಟಿಯಲ್ಲೇ ಕಮಾಂಡು ಹೇಳಿಕೊಳ್ಳುತ್ತಿದ್ದರು. ಹೊರಗೆ ಹೊಲ ತುಂಬ ಸೂರ್ಯಕಾಂತಿ ಅರಳಿತ್ತು ಎಂದು ಬರೆದೆ, ಅಳಿಸಿದೆ. ಅದು ಅರಳುವ ತಿಂಗಳು ಹೌದೋ ಅಲ್ಲವೋ ಗೊತ್ತಿಲ್ಲ. ಆ ರಸ್ತೆಯನ್ನು ನೆನೆದಾಗಲೆಲ್ಲ ಮನಸ್ಸು ಸೂರ್ಯಕಾಂತಿಯನ್ನು ತಂದಿಡುತ್ತದೆ. ನೆನಪೂ ಪನ್ನೀರು ಎರಚುವ ಜಾತಿಯೇ.

ಮಂಡಿಯಲ್ಲಿ ಎಲೆಕೋಸಿನ ಮೂಟೆಗಳು, ಬೀಟ್ರೂಟಿನ ರಾಶಿ, ನಡುವೆ ಬೆಂಚು, ಬೆಂಚಿನ ಮುಂದೆ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಚೇಟ ಕೈಬರಹದ ಪಟ್ಟಿಯೊಂದನ್ನು ಕೊಟ್ಟರು.

"ನೋಡಿ ಮಾಷೇ, ಲಾರಿ ವಂಡಿ ನಾಲ್ಕಕ್ಕೆ ಹೊರಡ್ಬೇಕು. ಈ ಲೋಡಿನ ಲಿಸ್ಟ್ ಟೈಪ್ ಮಾಡಿ ಪ್ರಿಂಟ್ ಕೊಟ್ರೆ ನಾಳೆಯಿಂದ ಕೆಲಸ. ಆಗ್ಲಿಲ್ವಾ, ನಾನು ಬೇರೆ ಆಳು ನೋಡ್ತೇನೆ. ಬೇಜಾರು ಮಾಡ್ಕೊಳ್ಬಾರ್ದು."

ಆಗಲೇ ಮೂರು ದಾಟಿತ್ತು. ಮಹದೇವಮ್ಮ ಪರದೆ ನೋಡಿ, ನನ್ನತ್ತ ಬಾಗಿ, ಮೆಲ್ಲಗೆ ಕೇಳಿದರು. "ಸಾ, ಕರೀದು ಎಲ್ಲಿ?"

ಕರಿಯದು ಇರಲಿಲ್ಲ. ವಿಂಡೋಸ್ ಇತ್ತು. ಯಾರೋ ಪುಣ್ಯಾತ್ಮರು ಬಿಳಿಯ ಹಾಳೆಯೊಂದನ್ನು ತೆರೆದಿಟ್ಟಿದ್ದರು, ಅದರಲ್ಲಿ ಗೆರೆಯೊಂದು ಮಿಣುಕುತ್ತಿತ್ತು. ಮಿಣುಕುವುದನ್ನು ಕಂಡದ್ದೇ ಅವರ ಬೆರಳು ಹೊರಟವು. ಪಟ್ಟಿ ಹತ್ತು ನಿಮಿಷದಲ್ಲಿ ಮುಗಿಯಿತು. ಹಮಾಲಿಗಳು ಮೂಟೆ ಇಳಿಸಿ ನೋಡಲು ನಿಂತರು. ಆದರೆ ಪ್ರಿಂಟ್ ಆಗಬೇಕಲ್ಲ. ಚೇಟ, "ಮೌಸ್ ಹಿಡೀರಿ," ಎಂದರು. ಮಹದೇವಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಅದಕ್ಕೇ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ಕೊಡಿ, ತೋರಿಸ್ತೀನಿ," ಎಂದೆ. ಎಳೆದೆ. ಬಾಣ ಓಡಿ ಮೂಲೆ ಸೇರಿತು. ಹಮಾಲಿಯೊಬ್ಬ ಕಿಸಕ್ಕೆಂದ. ನಾನು ಗಂಭೀರನಾಗಿ, "ಗೋಲಿಗೆ ಧೂಳು ಹಿಡಿದಿದೆ," ಎಂದು ಮೌಸನ್ನು ಬೋರಲು ಹಾಕಿ, ಕೆಳಗಿನ ಬಿಲ್ಲೆ ತಿರುವಿ, ನೆಟ್ಟಗೆ ಹಿಡಿದೆ. ಗೋಲಿ ಟಪ್ಪೆಂದು ನೆಲಕ್ಕೆ ಬಿದ್ದು ಮೂಟೆಗಳ ಕಡೆಗೆ ಉರುಳಿತು.

"ಮೌಸು ಮೊಟ್ಟೆ ಇಕ್ತು ಕಣ್ಲಾ!" ಎಂದು ಅದೇ ಹಮಾಲಿ ಕೂಗಿದ.

ಮಂಡಿಗೆ ಮಂಡಿಯೇ ನಕ್ಕಿತು. ಆಮೇಲೆ ಎಲ್ಲರೂ ಬಗ್ಗಿ ಹುಡುಕತೊಡಗಿದರು. ಎಲೆಕೋಸು ಸರಿಸಿದರು, ಬೀಟ್ರೂಟು ಕೆದಕಿದರು. ನಾನೂ ಬಗ್ಗಿದೆ. ಗೋಲಿ ಬೆಂಚಿನ ಕಾಲಿಗೆ ತಾಗಿ, ನನ್ನ ಎಡಪಾದದ ಪಕ್ಕದಲ್ಲೇ ನಿಂತಿತ್ತು. ಎತ್ತಿಕೊಂಡೆ. ಜೇಬಿಗೆ ಹಾಕಿಕೊಂಡೆ. ಮತ್ತೆ ಬಗ್ಗಿ ಹುಡುಕಿದೆ.

ಯಾಕೆ? ಈ ಪ್ರಶ್ನೆಗೆ ನನ್ನಲ್ಲಿ ಮೂರು ಆವೃತ್ತಿಗಳಿವೆ. ಮೊದಲನೆಯದರಲ್ಲಿ ಮಹದೇವಮ್ಮನ ಕೆಲಸ ಉಳಿಸಲೆಂದು ಬಚ್ಚಿಟ್ಟೆ. ಮೌಸೇ ಇಲ್ಲವಾದರೆ ಮೌಸು ಬಾರದೆಂಬ ದೂರೂ ಇಲ್ಲ. ಎರಡನೆಯದರಲ್ಲಿ ನನ್ನ ಮಾನ ಉಳಿಸಿಕೊಳ್ಳಲು. ಗೋಲಿ ಸಿಕ್ಕಿದ್ದರೆ ಚೇಟ, "ಈಗ ತೋರಿಸಿ ಮಾಷೇ," ಎನ್ನುತ್ತಿದ್ದರು. ಮೂರನೆಯದರಲ್ಲಿ ಕೈ ತಾನಾಗಿ ಹೋಯಿತು, ಕಾರಣ ಆಮೇಲೆ ಬಂತು. ಮೊದಲನೆಯದನ್ನು ಬಹಳ ಜನಕ್ಕೆ ಹೇಳಬೇಕೆಂದುಕೊಂಡಿದ್ದೆ, ಯಾರಿಗೂ ಹೇಳಲಿಲ್ಲ. ತೀರಾ ಚೆನ್ನಾಗಿ ಹೊಂದಿಕೊಳ್ಳುವ ಕತೆಯ ಮೇಲೆ ನನಗೆ ಅನುಮಾನ.

ಮೂರೂವರೆಯಾಯಿತು. ಲಾರಿಯವನು ಹಾರ್ನ್ ಒತ್ತಿದ. ಚೇಟ ಗೋಡೆಯ ಗಡಿಯಾರ ನೋಡಿ, "ಇನ್ನು ಕೈಯಲ್ಲೇ ಬರೀಬೇಕು," ಎಂದು ಪೆನ್ನಿಗೆ ತಡಕಿದರು. ಮಹದೇವಮ್ಮ ಮಾತ್ರ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಸಾ, ಮೇಲ್ಗಡೆ ಸಾಲಲ್ಲಿ ಪದಪದುಕ್ಕೂ ಒಂದೊಂದಕ್ಸರದ ಕೆಳಗೆ ಗೀಟು ಅದೆ. ಯಾಕೆ?"

"ಅಲಂಕಾರಕ್ಕೆ," ಎಂದೆ. ಅಭಿಪ್ರಾಯ ಆಗಲೂ ಸಿದ್ಧವಿತ್ತು.

"ಊಂ ಊಂ. ಒಂದು ಗೀಟು ಆಕ್ಬೇಕು ಅಂದ್ರೆ ಟೈಪ್ ಮಿಸನ್ನ ಇಂದಕ್ ತಳ್ಳಿ ಅದೇ ಜಾಗುಕ್ಕೆ ಇನ್ನೊಂದ್ಸಲ ಒಡೀಬೇಕು. ಕೆಲ್ಸ ಇಲ್ದೆ ಯಾರ್ ಒಡೆದಾರು, ಬುಡಿ."

ಇನ್ನೂ ಇಪ್ಪತ್ತು ವರ್ಷ ಡಾಸ್ ಕಲಿತಿದ್ದರೂ ನನಗೆ ಈ ಮಾತು ಹೊಳೆಯುತ್ತಿರಲಿಲ್ಲ. ಟೈಪ್‌ರೈಟರಿನ ಮುಂದೆ ಕೂತವರಿಗೆ ಮಾತ್ರ ಗೊತ್ತು, ಗೀಟಿಗೆ ಬೆಲೆಯಿದೆ ಎಂದು. ಮೊದಲ ಪದದಲ್ಲಿ ಎಫ್ ಅಕ್ಷರದ ಕೆಳಗೆ ಗೀಟಿತ್ತು. ಶಿಫ್ಟ್ ಹಿಡಿದು ಎಫ್ ಒತ್ತಿದರು. ಹಾಳೆಯ ಮೇಲೆ ಎಫ್ ಬಿತ್ತು, ಅಳಿಸಿದರು. ಕಂಟ್ರೋಲ್ ಹಿಡಿದು ಒತ್ತಿದರು. ಯಾವುದೋ ಡಬ್ಬಿ ತೆರೆಯಿತು, ಎಸ್ಕೇಪ್ ಒತ್ತಿ ಓಡಿಸಿದರು. ಆ ಎಸ್ಕೇಪ್ ಕಲಿಸಿದವನು ನಾನು, ಅಷ್ಟು ಬರೆದುಕೊಳ್ಳಿ. ಆಲ್ಟ್ ಹಿಡಿದು ಒತ್ತಿದರು. ಪಟ್ಟಿಯೊಂದು ಚಾಪೆ ಬಿಚ್ಚಿದಂತೆ ಕೆಳಗಿಳಿಯಿತು. ಅದರಲ್ಲಿ ಪ್ರಿಂಟ್ ಎಂಬ ಪದ, ಅದರ ಪಿ ಕೆಳಗೆ ಗೀಟು. ಒತ್ತಿದರು. ಎಂಟರ್ ಹೊಡೆದರು, ಹೋಟೆಲಿನವರಿಗೆ ಕೇಳಿಸುತ್ತಿದ್ದಷ್ಟೇ ಜೋರಾಗಿ. ಮೂಲೆಯಲ್ಲಿದ್ದ ಪ್ರಿಂಟರು ಕರಕರ ಎಂದು ಎದ್ದಿತು.

ಚೇಟ ಹಾಳೆ ಹರಿದುಕೊಂಡು ಲಾರಿಯವನಿಗೆ ಕೊಟ್ಟು ಬಂದರು. "ಮೌಸಿಲ್ದೆ ಮಾಡಿದ್ರಲ್ಲ, ಎಂಥ ಪಾಠ ಮಾಷೇ ನಿಮ್ದು!" ಎಂದು ನನ್ನ ಬೆನ್ನು ತಟ್ಟಿದರು. ಜೇಬಿನಲ್ಲಿದ್ದ ಗೋಲಿ ತೊಡೆಗೆ ಒತ್ತಿತು. "ನಾಳೆ ಎಂಟು ಗಂಟೆಗೆ ಬನ್ನಿ, ಅಮ್ಮಾ," ಎಂದರು ಮಹದೇವಮ್ಮನಿಗೆ.

ಇವತ್ತಿನ ತನಕ ನಾನು ಹೊತ್ತುಕೊಂಡು ಬಂದದ್ದು ಇಷ್ಟು. ಗೋಲಿಯನ್ನು ಹಿಂದಕ್ಕೆ ಕೊಡಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಕೊಟ್ಟರೆ ಕತೆಯನ್ನೂ ಕೊಡಬೇಕಿತ್ತು. ಡಾಸ್ ಹೋಯಿತು. ಜಮಖಾನವೇ ನೆಲವಾಯಿತು. ಈಗಿನ ವಿಂಡೋಸಿನಲ್ಲಿ ಆ ಗೀಟುಗಳು ಸುಮ್ಮನೆ ಕಾಣುವುದೂ ಇಲ್ಲ, ಆಲ್ಟ್ ಒತ್ತಿದರೆ ಮಾತ್ರ ಕೆಲವು ಕಡೆ ಮೇಲೆ ಬರುತ್ತವೆ.

ಕಂಪ್ಯೂಟರು ಎಪ್ಪತ್ತು ಪರ್ಸೆಂಟಿಗೆ ಬಂದಿತ್ತು. ಮಹದೇವಮ್ಮನ ನಂಬರು ನನ್ನಲ್ಲಿದೆ, ಯುಗಾದಿಗೊಮ್ಮೆ ಬೇವುಬೆಲ್ಲದ ಚಿತ್ರ ಕಳಿಸುತ್ತಾರೆ. ಇನ್ನೂ ಅದೇ ಮಂಡಿಯಲ್ಲಿದ್ದಾರೆ. ಗೋಲಿಯನ್ನು ಮೇಜಿನ ಮೇಲಿಟ್ಟು ಫೋನು ಮಾಡಿಯೇಬಿಟ್ಟೆ.

"ಏನ್ ಸಾ, ಚೆಂದಾಗಿದ್ದೀರಾ?"

"ಮಹದೇವಮ್ನೋರೆ, ಒಂದು ವಿಷ್ಯ ಹೇಳ್ಬೇಕಿತ್ತು. ಅವತ್ತು ಮಂಡೀಲಿ ಗೋಲಿ ಕಳೆದೋಯ್ತಲ್ಲ, ಅದು ನನ್ನತ್ರ ಇದೆ."

"ಬೀಟ್ರೂಟ್ ಆ ಕಡೀಕ್ ಆಕ್ಲಾ!" ಎಂದು ಯಾರಿಗೋ ಗದರಿಸಿ, ಮತ್ತೆ ಫೋನಿಗೆ ಬಂದರು. "ಗೊತ್ತಲ್ಲ ಸಾ. ನಾನೇ ಎತ್ಕೊಟ್ನಲ್ಲ ನಿಮ್ಗೆ."

"ನೀವಾ? ಯಾವಾಗ?"

"ವಾಪಸ್ ಬತ್ತಾ, ಬಸ್ಸಲ್ಲಿ. ಟಿಕೀಟ್ ತಗಳಕೆ ಜೇಬಿಗೆ ಕೈ ಆಕುದ್ರಿ, ಗೋಲಿ ಬಿದ್ದು ಡ್ರೈವರ್ ತಾವುಕ್ಕೆ ಉಳ್ಕಂಡ್ ಓಯ್ತು. ನಾನೇ ಎದ್ದೋಗಿ ತಂದು ನಿಮ್ ಕೈಗೆ ಮಡುಗ್ದೆ. ನೀವು ಕಿಟ್ಕಿ ಆಚೆ ನೋಡ್ತಾ ಕುಂತಿದ್ರಿ."

ನನಗೆ ನೆನಪಿಲ್ಲ. ಒಂದು ಚೂರೂ ಇಲ್ಲ. ಅಂಗೈಯಲ್ಲಿ ಗೋಲಿಯನ್ನಿಟ್ಟ ಆ ಬೆರಳುಗಳು, ಬಸ್ಸಿನ ಕುಲುಕಾಟದಲ್ಲಿ ಕಂಬಿ ಹಿಡಿದು ಮುಂದೆ ಹೋಗಿ ಬಂದ ಆ ಹೆಂಗಸು, ಯಾವುದೂ ಇಲ್ಲ. ಸೂರ್ಯಕಾಂತಿ ಮಾತ್ರ ಇದೆ.

"ಯಾಕೆ ಏನೂ ಕೇಳ್ಲಿಲ್ಲ ನೀವು?"

"ಏನ್ ಕೇಳದು? ನಿಮ್ಗೂ ಮೌಸು ಇಡ್ಯಕೆ ಬರಾಕಿಲ್ಲ ಅಂತ ಮಂಡೀಲೇ ಗೊತ್ತಾಯ್ತು. ಮೇಷ್ಟ್ರಲ್ವಾ, ಏಳ್ಬಾರ್ದು ಅಂತ ಸುಮ್ಗಾದೆ." ಆ ಕಡೆ ನಗು. "ಒಂದು ವಾರ ಮೌಸೇ ಇರ್ನಿಲ್ಲ. ಆ ವಾರ ನಾನು ಗಟ್ಟಿಯಾಗ್ಬುಟ್ಟೆ. ಆಮೇಲೆ ಚೇಟ ಮೈಸೂರಿಂದ ಒಸ್ದು ತಂದ್ರು. ಮೂರ್ ದಿನುಕ್ಕೆಲ್ಲ ಕಲ್ತ್ಕಂಡೆ." ಮತ್ತೆ ಅವರೇ ಕೇಳಿದರು. "ಈಗ ನಿಮ್ಗೆ ಬತ್ತದಾ ಸಾ?"

"ಬರ್ತದೆ," ಎಂದೆ. "ಎಳೀತಾ ಎಳೀತಾ ಬಂತು."

"ಅಂಗಾರೆ ಗೋಲಿ ತಂದ್ಕೊಡಿ. ಒಂದಿನ ಬನ್ನಿ, ಊಟ ಮಾಡ್ಕಂಡು ಓಗೀರಂತೆ."

ಫೋನಿಟ್ಟೆ. ಕಂಪ್ಯೂಟರು ಅಷ್ಟರಲ್ಲಿ ಹೊಸದಾಗಿ ಎದ್ದು ಕೂತಿತ್ತು, ಎಲ್ಲ ಮೊದಲಿನಂತೆಯೇ ಇದೆ ಎಂದು ನಂಬಿಸುವ ಮುಖ ಹೊತ್ತು. ಗೋಲಿಯನ್ನು ಜೋಪಾನವಾಗಿ ಚೀಲಕ್ಕೆ ಹಾಕೋಣವೆಂದು ಮೇಜಿನತ್ತ ಕೈ ಚಾಚಿದರೆ ಅದು ಅಲ್ಲಿರಲಿಲ್ಲ. ಮಾತಿನ ನಡುವೆ ಯಾವಾಗಲೋ ಉರುಳಿ ಬಿದ್ದಿತ್ತು. ಕನ್ನಡಕ ಸರಿಮಾಡಿಕೊಂಡು, ಮೊಣಕಾಲೂರಿ, ಮೇಜಿನ ಕೆಳಗೆ ಬಗ್ಗಿದೆ. ಈ ಸಲ ನಿಜವಾಗಿ ಹುಡುಕತೊಡಗಿದೆ.